ರಾಗ ಅಡಗಿಸುವುದು, ರಾಗ ಹುಡುಕುವುದು: ಶಾಸ್ತ್ರೀಯ ಸಂಗೀತದ ಗೂಢ ಒಗಟುಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

"ಪರೀಕ್ಷೆಯಲ್ಲಿ ಹೊಡೆದರೆ ಹೊರಗೆ ಕಳುಹಿಸುತ್ತಾರೆ, ಕಛೇರಿಯ ಕೊನೆಗೆ ಹಾಡಿದರೆ ಇನ್ನೊಂದು ಬೇಕೆನ್ನುತ್ತಾರೆ. ಎರಡಕ್ಷರದ ರಾಗ." ಉತ್ತರ ಕಾಪಿ. ಇದೇ ರಾಗಕ್ಕೆ ಇನ್ನೊಂದು ಸುಳಿವನ್ನು ಹೀಗೂ ಕೊಡಬಹುದು: "ಉಡುಪಿಯಿಂದ ತೆಂಕಣಕ್ಕೆ, ದೀಪಸ್ತಂಭದ ಊರು, ಅದರ ಕೊನೆಯ ಸ್ವರ ಬದಲಾದರೆ ಯಶೋದೆ ಜಗದೋದ್ಧಾರನನ್ನು ಆಡಿಸುತ್ತಾಳೆ." ಊರು ಕಾಪು. ಸಂಗೀತ ಬಲ್ಲವರ ಕಿವಿ 'ಸ್ವರ' ಎಂದೊಡನೆ ಷಡ್ಜ, ಪಂಚಮಗಳ ಕಡೆಗೆ ಓಡುತ್ತದೆ. ಆದರೆ ಇಲ್ಲಿ ಹೇಳಿರುವುದು ವ್ಯಾಕರಣದ ಸ್ವರ. ಕೊನೆಯ ಉಕಾರ ಇಕಾರವಾದರೆ ಕಾಪು ಕಾಪಿಯಾಗುತ್ತದೆ, ಮತ್ತು ಪುರಂದರದಾಸರ ಆ ದೇವರನಾಮವನ್ನು ಇಂದು ಹೆಚ್ಚಾಗಿ ಕೇಳುವುದು ಕಾಪಿ ರಾಗದಲ್ಲಿಯೇ.

ಗೂಢ ಒಗಟಿನ ಇಡೀ ಸ್ವರೂಪ ಈ ಎರಡು ಉದಾಹರಣೆಗಳಲ್ಲಿದೆ. "ಕಛೇರಿಯ ಕೊನೆಯಲ್ಲಿ ಹಾಡುವ ಒಂದು ರಾಗವನ್ನು ಹೆಸರಿಸಿ" ಎಂದು ಕೇಳಿದರೆ ಅದು ರಸಪ್ರಶ್ನೆ. ಸಿಂಧುಭೈರವಿ ಎಂದರೂ ಸರಿ, ಬೇಹಾಗ್ ಎಂದರೂ ಸರಿ. ಒಗಟಿನಲ್ಲಿ ಹಾಗಾಗಬಾರದು. ಅಲ್ಲಿ ಉತ್ತರಕ್ಕೆ ಹೋಗುವ ದಾರಿಗಳು ಎರಡಿರಬೇಕು. ಒಂದು ಅರ್ಥದ ದಾರಿ, ಎಂದರೆ ಸಂಗೀತದ ತಿಳಿವಳಿಕೆಯಿಂದ ಉತ್ತರವನ್ನು ವಿವರಿಸುವ ಭಾಗ. ಇನ್ನೊಂದು ಅಕ್ಷರದ ದಾರಿ, ಎಂದರೆ ಪದವನ್ನು ಒಡೆದು, ಕೂಡಿಸಿ, ಎಣಿಸಿ ಅಥವಾ ಬೇರೆ ಅರ್ಥದಲ್ಲಿ ಹಿಡಿದು ಅದೇ ಉತ್ತರಕ್ಕೆ ತಲುಪಿಸುವ ಭಾಗ. ಎರಡೂ ಒಂದೇ ಕಡೆ ಸೇರಿದಾಗ ಬಿಡಿಸಿದವರಿಗೆ ತಮ್ಮ ಉತ್ತರ ಸರಿಯೇ ಎಂದು ಯಾರನ್ನೂ ಕೇಳುವ ಅಗತ್ಯ ಬೀಳುವುದಿಲ್ಲ. ಒಗಟು ಕಟ್ಟುವವರು ಕೊನೆಯವರೆಗೂ ಹಿಡಿದುಕೊಳ್ಳಬೇಕಾದ ನಿಯಮ ಇದೊಂದೇ ಎಂದು ನನ್ನ ಅಭಿಪ್ರಾಯ. ಉಳಿದವೆಲ್ಲ ಇದರ ಅನುಕೂಲಕ್ಕಾಗಿ ಇರುವ ಉಪಾಯಗಳು.

ಈ ಆಟ ನಮಗೆ ಹೊರಗಿನಿಂದ ಬಂದದ್ದೇನೂ ಅಲ್ಲ. ಅಲ್ಲಮನ ಬೆಡಗಿನ ವಚನಗಳು, ಕನಕದಾಸರ ಮುಂಡಿಗೆಗಳು ಮೇಲೊಂದು ಅರ್ಥ, ಒಳಗೊಂದು ಅರ್ಥ ಇಟ್ಟುಕೊಂಡೇ ಹುಟ್ಟಿದವು. ಸಾಹಿತ್ಯವನ್ನೂ ಧಾಟಿಯನ್ನೂ ತಾವೇ ಕಟ್ಟುವ ಸಂಗೀತದ ವಾಗ್ಗೇಯಕಾರರಲ್ಲಿ ಮುತ್ತುಸ್ವಾಮಿ ದೀಕ್ಷಿತರು ಈ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದೆ. ಆನಂದಭೈರವಿಯ ಕೃತಿಯಲ್ಲಿ ಅವರು "ತ್ಯಾಗರಾಜ ಯೋಗ ವೈಭವಂ" ಎಂದು ತೊಡಗಿ, "ಅಗರಾಜ ಯೋಗ ವೈಭವಂ, ರಾಜಯೋಗ ವೈಭವಂ, ಯೋಗ ವೈಭವಂ, ವೈಭವಂ, ಭವಂ, ವಂ" ಎಂದು ತಲೆಯ ಕಡೆಯಿಂದ ಒಂದೊಂದೇ ತುಂಡು ಕಳಚುತ್ತ ಹೋಗುತ್ತಾರೆ. ಪ್ರತಿ ತುಂಡಿಗೂ ತನ್ನದೇ ಅರ್ಥ ಉಳಿಯುತ್ತದೆ. ಗೋಪುಚ್ಛ ಯತಿ ಎಂದು ಶಾಸ್ತ್ರ ಕರೆಯುವ ಈ ವಿನ್ಯಾಸಕ್ಕಿಂತ ಉತ್ತಮವಾದ ಪದಕ್ರೀಡೆಯ ಪಾಠ ಬೇರೆ ಬೇಕಿಲ್ಲ. ರಾಗದ ಹೆಸರನ್ನು ಸಾಹಿತ್ಯದಲ್ಲಿಯೇ ಅಡಗಿಸುವ ರಾಗಮುದ್ರೆಯೂ ಅವರ ಕೈವಾಡ. "ಮೀನಾಕ್ಷಿ ಮೇ ಮುದಂ ದೇಹಿ" ಕೃತಿಯಲ್ಲಿ "ದಶಗಮಕಕ್ರಿಯೇ" ಎಂದು ದೇವಿಯನ್ನು ಸಂಬೋಧಿಸುವಾಗ ಅವರ ಸಂಪ್ರದಾಯದಲ್ಲಿ ಆ ರಾಗಕ್ಕಿರುವ ಗಮಕಕ್ರಿಯಾ ಎಂಬ ಹೆಸರು ಒಳಗೇ ಕುಳಿತಿರುತ್ತದೆ.

ಮೊದಲ ಹಂತ: ಸಂಖ್ಯೆಯ ಕೀಲಿಕೈ

ಬಿಡಿಸುವವರಾಗಲಿ ಕಟ್ಟುವವರಾಗಲಿ ಮೊದಲು ಕೈವಶ ಮಾಡಿಕೊಳ್ಳಬೇಕಾದದ್ದು ಕಟಪಯಾದಿ, ಎಂದರೆ ಅಕ್ಷರಗಳಿಗೆ ಅಂಕಿ ಕೊಡುವ ಪದ್ಧತಿ. 72 ಮೇಳಕರ್ತ ರಾಗಗಳ, ಎಂದರೆ ಏಳೂ ಸ್ವರಗಳಿರುವ ಮೂಲರಾಗಗಳ, ಹೆಸರುಗಳಲ್ಲಿ ಮೊದಲ ಎರಡು ಅಕ್ಷರಗಳೇ ಆ ಮೇಳದ ಸಂಖ್ಯೆಯನ್ನು ಹೇಳುತ್ತವೆ. ಕ ದಿಂದ ಝ ದವರೆಗೆ 1ರಿಂದ 9, ಞ ಗೆ ಸೊನ್ನೆ. ಟ ದಿಂದ ಧ ದವರೆಗೆ ಮತ್ತೆ 1ರಿಂದ 9, ನ ಗೆ ಸೊನ್ನೆ. ಪ ದಿಂದ ಮ ದವರೆಗೆ 1ರಿಂದ 5. ಯ ದಿಂದ ಹ ದವರೆಗೆ 1ರಿಂದ 8. ಗುಣಿತಾಕ್ಷರದ ಸ್ವರ ಯಾವುದಿದ್ದರೂ ಲೆಕ್ಕಕ್ಕಿಲ್ಲ. ಬಂದ ಎರಡು ಅಂಕಿಗಳನ್ನು ಹಿಂದುಮುಂದು ಮಾಡಬೇಕು. ಮಾಯಾಮಾಳವಗೌಳದಲ್ಲಿ ಮ 5, ಯ 1, ತಿರುಗಿಸಿದರೆ 15. ಧೀರಶಂಕರಾಭರಣದಲ್ಲಿ ಧ 9, ರ 2; ಆದ್ದರಿಂದ 29. ಮೇಚಕಲ್ಯಾಣಿಯಲ್ಲಿ ಮ 5, ಚ 6, ಆದ್ದರಿಂದ 65. ಶಂಕರಾಭರಣಕ್ಕೆ 'ಧೀರ' ಎಂದೂ ಕಲ್ಯಾಣಿಗೆ 'ಮೇಚ' ಎಂದೂ ತಲೆಗೆ ಸೇರಿಸಿದ್ದೇ ಈ ಲೆಕ್ಕ ಕೂಡಿಬರಲಿ ಎಂದು.

ಒತ್ತಕ್ಷರ ಬಂದಾಗ ಸ್ವಲ್ಪ ಎಚ್ಚರ ಬೇಕು. ರತ್ನಾಂಗಿಯಲ್ಲಿ 'ತ್ನಾ' ಎಂಬಲ್ಲಿ ಕೊನೆಯ ವ್ಯಂಜನವಾದ ನ ವನ್ನು ಎಣಿಸುತ್ತೇವೆ, 02 ಬರುತ್ತದೆ. ಸೂರ್ಯಕಾಂತದಲ್ಲಿಯೂ ಹಾಗೆಯೇ ಯ ವನ್ನು ಹಿಡಿದು 17. ಆದರೆ ಚಕ್ರವಾಕ, ದಿವ್ಯಮಣಿ, ವಿಶ್ವಂಭರಿ, ಚಿತ್ರಾಂಬರಿಗಳಲ್ಲಿ ಮೊದಲ ವ್ಯಂಜನವನ್ನೇ ಹಿಡಿಯಬೇಕು. ಚಕ್ರವಾಕದಲ್ಲಿ ರ ವನ್ನು ಎಣಿಸಿದರೆ 26 ಬರುತ್ತದೆ, ಅದು ಚಾರುಕೇಶಿಯ ಸ್ಥಾನ. ಕ ವನ್ನು ಎಣಿಸಿದರೆ ಅದರ ಸ್ವಂತದ 16 ಸಿಗುತ್ತದೆ. ಸಿಂಹೇಂದ್ರಮಧ್ಯಮದಲ್ಲಿ 'ಮ್ಹೇ' ಎಂಬುದರ ಹ ವನ್ನು ಹಿಡಿದರೆ 87 ಆಗಿ ಮೇಳಗಳ ಎಲ್ಲೆಯನ್ನೇ ದಾಟಿಬಿಡುತ್ತದೆ, ಮ ವನ್ನು ಹಿಡಿದರೆ 57 ಸರಿಯಾಗಿ ಕೂರುತ್ತದೆ. ಇಂಥ ಅಪವಾದದ ಹೆಸರುಗಳನ್ನು ಆರಂಭದ ಒಗಟುಗಳಲ್ಲಿ ಬಳಸದಿರುವುದು ಮರ್ಯಾದೆ. ಪಳಗಿದವರಿಗಾದರೆ ಅವೇ ರುಚಿ.

ಎರಡನೆಯ ಕೀಲಿಕೈ ಚಕ್ರಗಳದು. ಆರಾರು ಮೇಳಗಳಂತೆ 12 ಚಕ್ರಗಳು: ಇಂದು, ನೇತ್ರ, ಅಗ್ನಿ, ವೇದ, ಬಾಣ, ಋತು, ಋಷಿ, ವಸು, ಬ್ರಹ್ಮ, ದಿಶಿ, ರುದ್ರ, ಆದಿತ್ಯ. ಚಂದ್ರ ಒಬ್ಬ, ಕಣ್ಣು ಎರಡು, ಅಗ್ನಿ ಮೂರು, ವೇದ ನಾಲ್ಕು, ಮನ್ಮಥನ ಬಾಣ ಐದು, ಹೀಗೆ ಹೆಸರೇ ಅಂಕೆಯಾಗಿರುವುದರಿಂದ ಒಗಟುಕಾರನಿಗೆ ಇದು ಸಿದ್ಧಪಡಿಸಿಟ್ಟ ಭಂಡಾರ. ಚಕ್ರದೊಳಗಿನ ಸ್ಥಾನಕ್ಕೆ ಪ, ಶ್ರೀ, ಗೋ, ಭೂ, ಮ, ಷ ಎಂಬ ಆರು ಸಂಕೇತಗಳಿವೆ. 'ಬಾಣ ಮ' ಎಂದರೆ ಐದನೆಯ ಚಕ್ರದ ಐದನೆಯದು, ಎಂದರೆ 29.

ಮೂರನೆಯದು 36. ಮೊದಲ 36 ಮೇಳಗಳು ಶುದ್ಧಮಧ್ಯಮದವು (ತಗ್ಗಿನ ಮ), ಮುಂದಿನ 36 ಪ್ರತಿಮಧ್ಯಮದವು (ಏರಿದ ಮ). ಯಾವ ಶುದ್ಧಮಧ್ಯಮ ಮೇಳಕ್ಕೂ 36 ಕೂಡಿಸಿದರೆ ಮಧ್ಯಮ ಮಾತ್ರ ಬದಲಾದ ಜೋಡಿ ಸಿಗುತ್ತದೆ. ಶಂಕರಾಭರಣ 29, ಕಲ್ಯಾಣಿ 65. ನಠಭೈರವಿ 20, ಷಣ್ಮುಖಪ್ರಿಯ 56. ಕೀರವಾಣಿ 21, ಸಿಂಹೇಂದ್ರಮಧ್ಯಮ 57. ಅಭ್ಯಾಸಕ್ಕೆ ಬೇರೆ ಪುಸ್ತಕ ಬೇಡ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಬಸ್ಸಿಗಾಗಿ ಕಾಯುವಾಗ ಸಿಟಿ ಬಸ್ಸುಗಳ ಹಣೆಯ ಮೇಲಿನ ಸಂಖ್ಯೆಯನ್ನು ಮೇಳವಾಗಿ ಓದುತ್ತ ಹೋದರೆ, ಕೆಲವೇ ವಾರಗಳಲ್ಲಿ ಪಟ್ಟಿ ಬಾಯಿಗೆ ಬರುತ್ತದೆ.

ಎರಡನೆಯ ಹಂತ: ಬಿಡಿಸುವ ಕ್ರಮ

ಈ ಒಗಟನ್ನು ನೋಡಿ: "ಹನ್ನೊಂದನೆಯ ಬೀದಿಯ ಐದನೆಯ ಮನೆಯಲ್ಲಿ ಮದುವೆಯ ಸಡಗರ. ಅಲ್ಲಿಂದ ಮೂವತ್ತಾರು ಹೆಜ್ಜೆ ಹಿಂದಕ್ಕೆ ಬಂದರೆ ಶಿವನ ಒಡವೆ ಬಿದ್ದಿದೆ. ಒಂದೇ ಒಂದು ಸ್ವರ ಇಳಿಸಿದವರು ಯಾರು?"

ಮೊದಲು ಮಾಡಬೇಕಾದ ಕೆಲಸ, ಕಥೆಯನ್ನು ನಂಬದಿರುವುದು. ಬೀದಿ, ಮದುವೆ, ಬಿದ್ದ ಒಡವೆ ಎಂದೊಡನೆ ಮನಸ್ಸು ರಥಬೀದಿಯ ಚಿತ್ರ ಕಟ್ಟುತ್ತದೆ. ಆ ಚಿತ್ರ ಒಗಟುಕಾರ ಬೇಕೆಂದೇ ಹಾಸಿದ ಪರದೆ. ಎರಡನೆಯದಾಗಿ, ಸಂಖ್ಯೆಗಳನ್ನೂ ಸಂಖ್ಯೆಯಾಗಬಲ್ಲ ಪದಗಳನ್ನೂ ಪ್ರತ್ಯೇಕಿಸಿ ಬರೆದುಕೊಳ್ಳಬೇಕು: 11, 5, 36, 1. ಸಂಗೀತದ ಒಗಟಿನಲ್ಲಿ 36 ಕಂಡರೆ ಮೊದಲ ಗುಮಾನಿ ಮಧ್ಯಮದ ಮೇಲೆ. ಹಾಗಿದ್ದರೆ 'ಬೀದಿ' ಚಕ್ರವಿರಬಹುದು, 'ಮನೆ' ಚಕ್ರದೊಳಗಿನ ಸ್ಥಾನವಿರಬಹುದು. ಹನ್ನೊಂದನೆಯ ಚಕ್ರ ರುದ್ರ, ಅದಕ್ಕೆ ಮೊದಲು ಹತ್ತು ಚಕ್ರಗಳ 60 ಮೇಳಗಳು ಮುಗಿದಿವೆ, ಐದನೆಯದೆಂದರೆ 65. ಅದು ಕಲ್ಯಾಣಿ, ಮತ್ತು ಕಲ್ಯಾಣವೆಂದರೆ ಮದುವೆ. ಅರ್ಥವೂ ಅಕ್ಷರವೂ ಇಲ್ಲಿ ಕೈಕುಲುಕಿದವು. 65ರಿಂದ 36 ಕಳೆದರೆ 29, ಶಂಕರಾಭರಣ. ಶಂಕರನ ಆಭರಣ, ಶಿವನ ಒಡವೆ. ಇಳಿದ ಸ್ವರ ಮಧ್ಯಮ.

ಇಷ್ಟಕ್ಕೆ ನಿಲ್ಲಿಸದೆ ಎರಡು ರಾಗಗಳ ಆರೋಹಣವನ್ನು ಒಮ್ಮೆ ಗುನುಗಿ ನೋಡಬೇಕೆಂದು ನನ್ನ ಒತ್ತಾಯ. ಕಾಗದದ ಮೇಲಿನ 'ಮಧ್ಯಮ ಮಾತ್ರ ಬೇರೆ' ಎಂಬ ಮಾತು ಕಿವಿಗೆ ಬಿದ್ದಾಗ ಮಾತ್ರ ಒಗಟು ಸಂಗೀತದ್ದಾಗುತ್ತದೆ. ಬರೀ ಲೆಕ್ಕಕ್ಕೆ ಬಿಡಿಸಿದವರು ಮುಂದಿನ ಬಾರಿ ಅದೇ ಸಂಖ್ಯೆ ಬಂದಾಗ ಮತ್ತೆ ಬೆರಳು ಮಡಿಸುತ್ತಾರೆ.

ಸಂಖ್ಯೆ ಇಲ್ಲದ ಸುಳಿವುಗಳಿಗೆ ಬೇರೆ ಉಪಾಯ. ಸುಳಿವನ್ನು ಎರಡು ತುಂಡು ಮಾಡಿ ನೋಡಿ. ಬಹುಪಾಲು ಸಂದರ್ಭಗಳಲ್ಲಿ ಒಂದು ತುದಿಯಲ್ಲಿ ಅರ್ಥವೂ ಇನ್ನೊಂದು ತುದಿಯಲ್ಲಿ ಆಟವೂ ಇರುತ್ತದೆ. "ನೀರಿಗಾಗಿ ನೆಲ ಅಗೆದು, ಹನುಮನನ್ನು ಮುಂದಿಟ್ಟುಕೊಂಡವಳು" ಎಂಬಲ್ಲಿ ಅಗೆದು ಎಂದರೆ ತೋಡಿ. ಮೇಳದ ಹೆಸರಾಗಿ ಅದು ಹನುಮತೋಡಿ. "ಸರಸ್ವತಿಯ ವಾಹನದ ಕೂಗು: ಅಪ್ಪ ಕಟ್ಟಿದ ರಾಗದಲ್ಲಿ ಮಗ ವಾತಾಪಿಯ ಒಡೆಯನನ್ನು ಭಜಿಸಿದ" ಎಂಬಲ್ಲಿ ಹಂಸ ಮತ್ತು ಧ್ವನಿ ಎರಡನ್ನೂ ಕೂಡಿಸಿದರೆ ರಾಗ ಸಿಗುತ್ತದೆ, ಹಂಸಧ್ವನಿಯನ್ನು ರೂಪಿಸಿದವರು ರಾಮಸ್ವಾಮಿ ದೀಕ್ಷಿತರು, ಅದರಲ್ಲಿ "ವಾತಾಪಿ ಗಣಪತಿಂ" ರಚಿಸಿದವರು ಅವರ ಮಗ ಮುತ್ತುಸ್ವಾಮಿ ದೀಕ್ಷಿತರು.

ಸಪ್ತಸ್ವರಗಳ ಅಕ್ಷರಗಳಿಂದಲೇ ಪದ ಕಟ್ಟುವ ಬಗೆಯೂ ಉಂಟು. ಸಾಹಿತ್ಯದ ಅಕ್ಷರವೂ ಹಾಡುವ ಸ್ವರವೂ ಒಂದೇ ಆಗುವ ವಾಗ್ಗೇಯಕಾರರ ಸ್ವರಾಕ್ಷರಕ್ಕೆ ಇದು ದೂರದ ನೆಂಟ. ಸ, ರಿ, ಗ, ಮ, ಪ, ದ, ನಿ ಎಂಬ ಏಳನ್ನೇ ಬಳಸಿ ಸರಿ, ಗರಿ, ಮರಿ, ಪದ, ದನಿ, ನಿಗಮ ಎಂದೆಲ್ಲ ಬರೆಯಬಹುದು. "ಉಡುಪಿಯ ದೋಸೆಯ ಅಂಚು ಎರಡೇ ಸ್ವರಗಳನ್ನು ಎರಡು ಬಾರಿ ಹಾಡುತ್ತದೆ" ಎಂದರೆ ಗರಿಗರಿ. "ನಾಲ್ಕು ಸ್ವರಗಳಲ್ಲಿ ನಾಲ್ಕನೆಯ ತಲೆಮಾರು, ಮಧ್ಯಮ ಎರಡು ಬಾರಿ" ಎಂದರೆ ಮರಿಮಗ. ಇವು ಹೆಚ್ಚಿನ ಸಂಗೀತಜ್ಞಾನ ಬೇಡದ, ಮಕ್ಕಳನ್ನು ಆಟಕ್ಕೆ ಎಳೆಯಲು ತಕ್ಕ ಒಗಟುಗಳು.

ಮೂರನೆಯ ಹಂತ: ಜೋಡಿಯರ್ಥದ ಪದಗಳ ಪಟ್ಟಿ

ಕಟ್ಟುವವರು ಒಂದು ನೋಟುಬುಕ್ಕು ಇಟ್ಟುಕೊಳ್ಳಬೇಕು. ಸಂಗೀತದಲ್ಲಿ ಒಂದು, ದಿನಬಳಕೆಯಲ್ಲಿ ಇನ್ನೊಂದು ಅರ್ಥವಿರುವ ಪದ ಕಂಡಾಗಲೆಲ್ಲ ಅದರಲ್ಲಿ ಬರೆಯಬೇಕು. ಕನ್ನಡದಲ್ಲಿ ಇಂಥವು ಹೇರಳ. ವರ್ಣ ಬಣ್ಣವೂ ಹೌದು, ಕಛೇರಿಯ ಮೊದಲ ರಚನೆಯೂ ಹೌದು. ಚರಣ, ಪಲ್ಲವಿ, ಪದ, ಗತಿ, ಲಯ, ಕಳೆ, ಗ್ರಹ ಎಲ್ಲವೂ ಇದೇ ಜಾತಿಯವು. ಜಾತಿಯೂ ತಾಳದ ಮಾತೇ. ಶಾಸ್ತ್ರದಲ್ಲಿ ರಚನೆಯ ಸಾಹಿತ್ಯಕ್ಕೆ 'ಮಾತು' ಎಂದೂ ಅದರ ಧಾಟಿಗೆ 'ಧಾತು' ಎಂದೂ ಹೆಸರಿರುವುದು ಒಗಟುಕಾರನಿಗೆ ಒಲಿದು ಬಂದ ವರ. ವೀಣೆಗೆ 24 ಮೆಟ್ಟಿಲು. "ಇಪ್ಪತ್ತನಾಲ್ಕು ಮೆಟ್ಟಿಲು ಹತ್ತಿದರೂ ಮಹಡಿ ಸಿಗದು, ಕುದುರೆ ಇದ್ದರೂ ಓಡದು" ಎಂದರೆ ಸಾಕು, ಏಕೆಂದರೆ ತಂತಿಗಳನ್ನು ಹೊತ್ತು ನಿಲ್ಲುವ ಭಾಗಕ್ಕೆ ವಾದ್ಯಗಾರರು ಕುದುರೆ ಎಂದೇ ಹೇಳುತ್ತಾರೆ. ಪಾಚಿ ಕಟ್ಟಿದ ಮಳೆಗಾಲದ ಅಂಗಳವನ್ನು ನೋಡಿದವರಿಗೆ "ಆಷಾಢದ ಅಂಗಳದಲ್ಲಿ ಬೀಳಿಸುತ್ತದೆ, ವೀಣೆಯ ತಂತಿಯ ಮೇಲೆ ರಾಗವನ್ನು ಏಳಿಸುತ್ತದೆ" ಎಂಬ ಸುಳಿವಿನಿಂದ ಜಾರು ಎಂಬ ಗಮಕ (ಸ್ವರವನ್ನು ಅಲುಗಿಸಿ, ಜಾರಿಸಿ ಅಲಂಕರಿಸುವ ಬಗೆ) ಹೊಳೆಯಲು ತಡವಾಗದು.

ನಮ್ಮ ಕರಾವಳಿಯ ಮಾತಿಗೆ ಇಲ್ಲಿ ಒಂದು ಹೆಚ್ಚಿನ ಅನುಕೂಲವಿದೆ, ಏಕೆಂದರೆ ಯಕ್ಷಗಾನವೂ ಸಂಗೀತವೂ ಹಲವು ಪದಗಳನ್ನು ಹಂಚಿಕೊಂಡಿವೆ. ಮೇಳ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಕಟೀಲು, ಧರ್ಮಸ್ಥಳ, ಮಂದಾರ್ತಿ. "ರಾತ್ರಿ ಆಟ ಆಡದ ಮೇಳ, ಆದರೂ ಊರಿನ ಮಕ್ಕಳೆಲ್ಲ ಮೊದಲು ಸೇರುವುದು ಇದಕ್ಕೇ" ಎಂಬುದಕ್ಕೆ ಉತ್ತರ ಮಾಯಾಮಾಳವಗೌಳ, ಸರಳೆ ವರಸೆಯನ್ನು ಕಲಿಸುವ ಮೇಳ. ಇದೇ ಸುಳಿವನ್ನು ಘಟ್ಟದ ಮೇಲಿನವರ ಮುಂದಿಟ್ಟರೆ ಅರ್ಧ ರುಚಿ ಹೋಗುತ್ತದೆ. 'ಆಟ' ಎಂದರೆ ಬಯಲಾಟವೆಂದು ಅಲ್ಲಿ ಎಲ್ಲರಿಗೂ ಥಟ್ಟನೆ ಹೊಳೆಯುವುದಿಲ್ಲ. ತ್ರಿಪುಟ ತಾಳವನ್ನು ಭಾಗವತರು ತ್ರಿವುಡೆ ಎನ್ನುತ್ತಾರೆ. ಇಂಥ ಜೋಡಿ ಹೆಸರುಗಳನ್ನೂ ನೋಟುಬುಕ್ಕಿಗೆ ಸೇರಿಸಿಕೊಳ್ಳಿ. ಹಳೆಯ ಮನೆಗಳ ಅಟ್ಟವೂ ತಾಳವೇ: "ತೆಂಗಿನಕಾಯಿ ರಾಶಿ ಹಾಕುವಲ್ಲಿ ಭೈರವಿ ವರ್ಣ ಹದಿನಾಲ್ಕು ಅಕ್ಷರ ಎಣಿಸುತ್ತದೆ." ಪಚ್ಚಿಮಿರಿಯಂ ಆದಿಯಪ್ಪಯ್ಯನವರ 'ವಿರಿಬೋಣಿ' ವರ್ಣ ಅಟ್ಟತಾಳದ್ದು, ಖಂಡ ಜಾತಿಯಲ್ಲಿ, ಎಂದರೆ ಐದರ ಲೆಕ್ಕದಲ್ಲಿ, 5, 5, 2, 2 ಸೇರಿ 14 ಅಕ್ಷರ. ತಾಳದಲ್ಲಿ ಅಕ್ಷರವೆಂದರೆ ಒಂದು ಎಣಿಕೆ.

ಅಂಕಿತಗಳು ಪ್ರತ್ಯೇಕ ಗಣಿ. "ಬಾನು ತಿಳಿಯಾದ ದಿನ ಮೂಡಣಕ್ಕೆ ಕಾಣುವ ಶಿಖರ, ದೇವಭಾಷೆಯಲ್ಲಿ ಪರ್ಯಾಯ ನಡೆಸಿದ ಯತಿಯ ಸಹಿ" ಎಂಬುದರಲ್ಲಿ ಶಿಖರ ಕುದುರೆಮುಖ, ಸಂಸ್ಕೃತದಲ್ಲಿ ಹಯವದನ, ಅದು ಸೋದೆ ಮಠದ ವಾದಿರಾಜರ ಅಂಕಿತ. ಉಡುಪಿಯ ಎರಡು ವರ್ಷದ ಪರ್ಯಾಯ ಪದ್ಧತಿಯನ್ನು ಜಾರಿಗೆ ತಂದವರೂ ಅವರೇ. ಶ್ರೀಪಾದರಾಜರ ರಂಗವಿಠಲ, ಕನಕದಾಸರ ಕಾಗಿನೆಲೆಯಾದಿಕೇಶವ, ದೀಕ್ಷಿತರ ಗುರುಗುಹ, ಮುತ್ತಯ್ಯ ಭಾಗವತರ ಹರಿಕೇಶ, ಜಯಚಾಮರಾಜ ಒಡೆಯರ ಶ್ರೀವಿದ್ಯಾ, ಇವೆಲ್ಲ ಒಡೆದು ಕೂಡಿಸಲು ಅನುಕೂಲವಾದ ಪದಗಳು. ವ್ಯಕ್ತಿಗಳ ಹೆಸರನ್ನು ಬಳಸುವುದಾದರೆ ಗೌರವ ಕುಂದದಂತೆ ಬಳಸಬೇಕು. "ಮಂಜುನಾಥನ ಗುಡ್ಡದಿಂದ ಹೊರಟ ಗೋಪಾಲ, ಕೈಯಲ್ಲಿ ಬಿದಿರಿಲ್ಲ, ಹಿತ್ತಾಳೆ ಇದೆ" ಎಂದರೆ ಕದ್ರಿ ಗೋಪಾಲನಾಥರು. ನಾಗಸ್ವರದ ಮನೆತನದಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನಿಗೆ ಮರುಳಾಗಿ, ಅದರಲ್ಲಿ ಗಮಕ ನುಡಿಸಿದವರು, 2004ರಲ್ಲಿ ಪದ್ಮಶ್ರೀ ಪಡೆದವರು.

ನಾಲ್ಕನೆಯ ಹಂತ: ಒಂದು ಸುಳಿವನ್ನು ಕಟ್ಟುವ ಬಗೆ

ಸುಳಿವು ಹೊಳೆದ ಮೇಲೆ ಉತ್ತರ ಹುಡುಕುವವರಿದ್ದಾರೆ; ಅದು ಅಡ್ಡದಾರಿ. ಮೊದಲು ಉತ್ತರವನ್ನು ಆರಿಸಿ, ಅದರ ಬಗ್ಗೆ ಗೊತ್ತಿರುವುದನ್ನೆಲ್ಲ ಹರವಿಕೊಳ್ಳುವುದು ರಾಜಮಾರ್ಗ. ಚಿತ್ರಾಂಬರಿಯನ್ನು ತೆಗೆದುಕೊಳ್ಳೋಣ. ಸಂಗತಿಗಳು: 66ನೆಯ ಮೇಳ, ರುದ್ರ ಚಕ್ರದ ಕೊನೆಯದು, ಕಲ್ಯಾಣಿಯ ಮುಂದಿನ ಮನೆ, ಹೆಸರನ್ನು ಒಡೆದರೆ ಚಿತ್ರ ಮತ್ತು ಅಂಬರ, ಎಂದರೆ ಬಣ್ಣಬಣ್ಣದ ಬಟ್ಟೆ ಉಟ್ಟವಳು.

ಈಗ 66 ಎಂಬ ಸಂಖ್ಯೆ ನಮ್ಮ ಸುತ್ತಮುತ್ತ ಎಲ್ಲಿದೆ ಎಂದು ಯೋಚಿಸಬೇಕು. ಉಡುಪಿಯಿಂದ ಮಂಗಳೂರಿಗೆ ಬರುವ ರಾಷ್ಟ್ರೀಯ ಹೆದ್ದಾರಿಯೇ 66. ಇದು ಸಿಕ್ಕಿದ ಮೇಲೆ ಇನ್ನೊಂದು ಸಂಗತಿ ತಾನಾಗಿ ಜೊತೆಗೂಡುತ್ತದೆ: ಚಾರ್ಮಾಡಿ ಘಾಟಿಯ ಹೆದ್ದಾರಿ 73, ಶಿರಾಡಿ ಘಾಟಿಯದು 75, ಎರಡೂ 72 ದಾಟಿದವು, ಎಂದರೆ ಮೇಳಗಳ ಲೆಕ್ಕದಲ್ಲಿ ಅವಕ್ಕೆ ಹೆಸರೇ ಇಲ್ಲ. ಮೊದಲ ಕರಡು ಹೀಗಾಗಬಹುದು: "ಉಡುಪಿಯಿಂದ ಮಂಗಳೂರಿಗೆ ಬರುವ ಹೆದ್ದಾರಿಯ ಸಂಖ್ಯೆಯ ಮೇಳ ಯಾವುದು?" ಇದು ಲೆಕ್ಕದ ಪ್ರಶ್ನೆ, ಒಗಟಲ್ಲ. ಹೆಸರಿನ ಅರ್ಥವನ್ನು ಒಳಗೆ ತರಬೇಕು, 'ಸಂಖ್ಯೆ', 'ಮೇಳ' ಎಂಬ ಪದಗಳನ್ನು ಹೊರಗೆ ಕಳುಹಿಸಬೇಕು. ತಿದ್ದಿದ ರೂಪ: "ಉಡುಪಿಯಿಂದ ಮಂಗಳೂರಿಗೆ ಹೆದ್ದಾರಿ ಹಿಡಿದು ಬಂದವಳು ಬಣ್ಣಬಣ್ಣದ ಸೀರೆ ಉಟ್ಟಿದ್ದಳು. ಶಿರಾಡಿಯನ್ನೋ ಚಾರ್ಮಾಡಿಯನ್ನೋ ಹತ್ತಿದ್ದರೆ ವೆಂಕಟಮಖಿಗೆ ಅವಳ ಗುರುತೇ ಸಿಗುತ್ತಿರಲಿಲ್ಲ." 72 ಮೇಳಗಳ ಲೆಕ್ಕವನ್ನು ಹಾಕಿಕೊಟ್ಟ ವೆಂಕಟಮಖಿಯ ಹೆಸರು ಇಲ್ಲಿ ಸಂಗೀತದ ಕಡೆ ಕೈತೋರಿಸುತ್ತದೆ, ಸೀರೆ ಅರ್ಥದ ದಾರಿ, ಹೆದ್ದಾರಿ ಸಂಖ್ಯೆಯ ದಾರಿ, ಘಾಟಿಗಳು 72ರ ಎಲ್ಲೆಯನ್ನು ಮೌನವಾಗಿ ಹೇಳುತ್ತವೆ.

ಕರಡು ಸಿದ್ಧವಾದ ಬಳಿಕ ಪ್ರತಿ ಪದವನ್ನೂ ಕೆಲಸ ಕೇಳಬೇಕು. ಸುಮ್ಮನೆ ಕುಳಿತಿರುವ ಪದ ಬಿಡಿಸುವವರನ್ನು ವೃಥಾ ಅಲೆದಾಡಿಸುತ್ತದೆ. ದಾರಿ ತಪ್ಪಿಸುವುದಕ್ಕೆ ಒಗಟುಕಾರನಿಗೆ ಹಕ್ಕಿದೆ, ಸುಳ್ಳು ಹೇಳುವುದಕ್ಕಿಲ್ಲ. ಮೇಲಿನ ಸುಳಿವಿನಲ್ಲಿ 'ಹಸಿರು ಸೀರೆ' ಎಂದು ಬರೆದರೆ ಅದು ಸುಳ್ಳು. ಚಿತ್ರ ಎಂಬುದಕ್ಕೆ ಹಸಿರು ಎಂಬ ಅರ್ಥವಿಲ್ಲ.

ಕೊಂಡಿ ಹುಡುಕುವ ಒಗಟುಗಳನ್ನು ಕಟ್ಟುವುದು ಇದಕ್ಕಿಂತ ಸುಲಭ. "ನಾಟ, ಗೌಳ, ಆರಭಿ, ವರಾಳಿ, ಐದನೆಯದು ಮದುವೆಯ ಕರೆಯೋಲೆಯಲ್ಲಿ ಗಂಡಸರ ಹೆಸರಿನ ಮುಂದೆಲ್ಲ ಕುಳಿತಿದೆ" ಎಂದರೆ ತ್ಯಾಗರಾಜರ ಪಂಚರತ್ನ ಕೃತಿಗಳ ಐದನೆಯ ರಾಗ ಶ್ರೀ. "ಭಾನುವಾರ ಧ್ರುವ, ಸೋಮವಾರ ಮಠ್ಯ, ಮಂಗಳವಾರ ರೂಪಕ, ಬುಧವಾರ ಏನು?" ಎಂದರೆ ಝಂಪೆ: ದೀಕ್ಷಿತರ ವಾರದ ಏಳು ಗ್ರಹಕೃತಿಗಳು ಸೂಳಾದಿ ಸಪ್ತತಾಳಗಳಲ್ಲಿ ಅದೇ ಅನುಕ್ರಮದಲ್ಲಿವೆ. ಹಾಡಬಲ್ಲವರಿದ್ದರೆ ಗ್ರಹಭೇದವನ್ನೂ, ಎಂದರೆ ಷಡ್ಜದ ಜಾಗ ಬದಲಿಸುವುದನ್ನೂ, ಬಳಸಬಹುದು. ಮೋಹನದ ಸ್ವರಗಳಲ್ಲಿಯೇ ರಿಷಭವನ್ನು ಷಡ್ಜ ಮಾಡಿದರೆ ಮಧ್ಯಮಾವತಿ, ಗಾಂಧಾರವನ್ನು ಮಾಡಿದರೆ ಹಿಂದೋಳ, ಪಂಚಮವನ್ನು ಮಾಡಿದರೆ ಶುದ್ಧಸಾವೇರಿ, ಧೈವತವನ್ನು ಮಾಡಿದರೆ ಶುದ್ಧಧನ್ಯಾಸಿ. ಐದು ಆರೋಹಣಗಳನ್ನು ನುಡಿಸಿ "ಐವರೂ ಒಂದೇ ಮನೆಯವರು, ಕುಳಿತ ಜಾಗ ಬೇರೆ, ಹಿರಿಯನ ಹೆಸರೇನು?" ಎಂದು ಕೇಳಿದರೆ ಬರಹದಲ್ಲಿ ಕಟ್ಟಲಾಗದ ಒಗಟು ಕಿವಿಯಲ್ಲಿ ಕಟ್ಟಿದಂತಾಗುತ್ತದೆ.

ಐದನೆಯ ಹಂತ: ಜಗಳ ಬಾರದಂತೆ ಪರಿಶೀಲನೆ

ಒಗಟಿನ ಕೂಟಗಳಲ್ಲಿ ಜಗಳ ಹುಟ್ಟುವುದು ಕಠಿಣ ಸುಳಿವಿನಿಂದಲ್ಲ, ಎರಡು ಉತ್ತರವಿರುವ ಸುಳಿವಿನಿಂದ. "ಹದಿನಾಲ್ಕು ಅಕ್ಷರದ ತಾಳ" ಎಂದಷ್ಟೇ ಬರೆದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ: ಖಂಡ ಜಾತಿ ಅಟ್ಟಕ್ಕೂ 14, ಚತುರಶ್ರ ಜಾತಿ ಧ್ರುವಕ್ಕೂ 4, 2, 4, 4 ಸೇರಿ 14. 'ಹತ್ತು ಅಕ್ಷರ' ಎಂದರೂ ಅದೇ ಗತಿ, ಚತುರಶ್ರ ಮಠ್ಯವೂ ಮಿಶ್ರ ಝಂಪೆಯೂ ಎದ್ದು ನಿಲ್ಲುತ್ತವೆ.

ಕರ್ನಾಟಕ ಸಂಗೀತ, ಹಿಂದೂಸ್ತಾನಿ ಎರಡನ್ನೂ ಕೇಳುವ ನಮ್ಮ ಊರುಗಳಲ್ಲಿ ಇನ್ನೂ ದೊಡ್ಡ ಅಪಾಯ ಹೆಸರುಗಳದು. ಕರ್ನಾಟಕ ಪದ್ಧತಿಯ ತೋಡಿಯ ಸ್ವರಗಳು ಹಿಂದೂಸ್ತಾನಿಯ ಭೈರವಿ ಥಾಟಿನವು (ನಮ್ಮ ಮೇಳದಂತೆ ಅಲ್ಲಿ ಥಾಟ್). ಹಿಂದೂಸ್ತಾನಿಯ ತೋಡಿ ನಮ್ಮ ಶುಭಪಂತುವರಾಳಿಗೆ ಹತ್ತಿರ. ನಮ್ಮ ಹಿಂದೋಳ ಅಲ್ಲಿ ಮಾಲಕೌಂಸ್, ಅಲ್ಲಿನ ಹಿಂಡೋಲ್ ಬೇರೆಯೇ ರಾಗ. ಆದ್ದರಿಂದ ಪ್ರತಿ ಒಗಟಿನಲ್ಲಿ ಪದ್ಧತಿ ಯಾವುದೆಂಬುದಕ್ಕೆ ಸಣ್ಣದೊಂದು ಗುರುತು ಇರಲೇಬೇಕು. ವೆಂಕಟಮಖಿ, ಮೇಳ, ಥಾಟ್, ಘರಾನಾ, ಯಾವುದಾದರೂ ಒಂದು ಪದ ಸಾಕು. ಕರ್ನಾಟಕ ಪದ್ಧತಿಯೊಳಗೇ ಪರಂಪರೆಗಳ ಭೇದವೂ ಉಂಟು: ಪೂರ್ವಿಕಲ್ಯಾಣಿ, ಗಮಕಕ್ರಿಯಾ ಎಂದು ಎರಡು ಹೆಸರು ಬಂದರೆ ಎರಡನ್ನೂ ಒಪ್ಪಬೇಕು.

ತ್ಯಾಗರಾಜ ಎಂಬ ಹೆಸರನ್ನು ಬಳಸುವಾಗಲೂ ಜಾಗ್ರತೆ. ದೀಕ್ಷಿತರ ಕೃತಿಗಳ ತ್ಯಾಗರಾಜ ತಿರುವಾರೂರಿನ ಶಿವ, ಸಮಕಾಲೀನ ವಾಗ್ಗೇಯಕಾರರಲ್ಲ. ಇದೇ ಗೊಂದಲವನ್ನು ಬೇಕೆಂದೇ ಒಗಟಾಗಿಸಬಹುದು, ಆದರೆ ಕಟ್ಟುವವರಿಗೆ ಅದು ಸ್ಪಷ್ಟವಾಗಿರಬೇಕು. ಇಸವಿಗಳನ್ನು ಆಧರಿಸಿದ ಸುಳಿವಿಗೆ ವಿವಾದವಿಲ್ಲದವನ್ನೇ ಆರಿಸಿ. ತ್ಯಾಗರಾಜರ 1767, 1847 ನಿಶ್ಚಿಂತೆಯಿಂದ ಬಳಸಬಹುದು; ದೀಕ್ಷಿತರ ಜನನವನ್ನು ಕೆಲವರು 1775 ಎಂದೂ ಕೆಲವರು 1776 ಎಂದೂ ಬರೆಯುತ್ತಾರೆ, ಆದ್ದರಿಂದ ಅವರಿಗೆ ನಿಧನದ ವರ್ಷವಾದ 1835 ಸುರಕ್ಷಿತ. ಕಾಗುಣಿತವನ್ನೂ ಒಮ್ಮೆ ನೋಡಿ: ನಠಭೈರವಿಯನ್ನು 'ನಟಭೈರವಿ' ಎಂದು ಬರೆದರೆ ಕಟಪಯಾದಿಯಲ್ಲಿ 20 ಹೋಗಿ 10 ಬರುತ್ತದೆ, ಅದು ನಾಟಕಪ್ರಿಯದ ಮನೆ. ಒಂದು ಮಹಾಪ್ರಾಣಕ್ಕೆ ಹತ್ತು ಮೇಳಗಳ ಬೆಲೆ.

ಕೊನೆಗೆ, ಒಗಟನ್ನು ಇಬ್ಬರ ಮುಂದೆ ಇಡಿ: ಒಬ್ಬರು ಸಂಗೀತ ಬಲ್ಲವರು, ಇನ್ನೊಬ್ಬರು ಪದಬಂಧ ತುಂಬಿಸುವ ಚಟದವರು. ಮೊದಲನೆಯವರಿಗೆ ಮಾತ್ರ ಬಿಡಿಸಲಾದರೆ ಅಕ್ಷರದ ದಾರಿ ಕುಂಟುತ್ತಿದೆ. ಎರಡನೆಯವರಿಗೆ ಮಾತ್ರ ಆದರೆ ಸಂಗೀತ ಬರೀ ಅಲಂಕಾರವಾಗಿದೆ.

ಆರನೆಯ ಹಂತ: ಸಭೆಯಲ್ಲಿ ನಡೆಸುವಾಗ

ಕಛೇರಿ ಆರಂಭವಾಗುವ ಮೊದಲಿನ ಅರ್ಧ ಗಂಟೆ, ಸಂಗೀತ ಶಾಲೆಯ ವಾರ್ಷಿಕೋತ್ಸವ, ನವರಾತ್ರಿಯ ಸಂಜೆ, ಇವು ಇಂಥ ಕೂಟಕ್ಕೆ ಹೇಳಿದ ಹೊತ್ತು. ಸುಳಿವನ್ನು ಎರಡು ಬಾರಿ ಓದಿ, ಬರೆದೂ ತೋರಿಸಿ. ಅಕ್ಷರದ ಆಟ ಕಣ್ಣಿಗೆ ಬೀಳದೆ ಬಿಡಿಸಲಾಗದು. ಉತ್ತರದ ಅಕ್ಷರಸಂಖ್ಯೆಯನ್ನು ಹೇಳುವುದು ಕಡ್ಡಾಯವಾಗಿರಲಿ, ಒತ್ತಕ್ಷರವನ್ನು ಒಂದೆಂದೇ ಎಣಿಸುವುದಾಗಿ ಮೊದಲೇ ತಿಳಿಸಿ. ಉತ್ತರ ಹೇಳಿದವರು ದಾರಿಯನ್ನೂ ವಿವರಿಸಿದರೆ ಮಾತ್ರ ಪೂರ್ಣ ಅಂಕ, ಇಲ್ಲವಾದರೆ ಅರ್ಧ. ಊಹೆಗೂ ಬಿಡಿಸುವಿಕೆಗೂ ಇರುವ ವ್ಯತ್ಯಾಸ ಆಗ ಎಲ್ಲರಿಗೂ ಕಾಣುತ್ತದೆ. ಪ್ರತಿ ಉತ್ತರದ ನಂತರ ಯಾರಾದರೂ ಆ ರಾಗದ ಒಂದೆರಡು ಸಾಲು ಹಾಡಲಿ. ಇದಕ್ಕೆ ಸಮಯವಿಲ್ಲ ಎನ್ನುವ ಸಂಘಟಕರು ಒಗಟುಗಳ ಸಂಖ್ಯೆಯನ್ನು ಕಡಿಮೆ ಮಾಡುವುದು ಒಳ್ಳೆಯದು, ಹಾಡನ್ನಲ್ಲ.

ಅಭ್ಯಾಸಕ್ಕೆ ನಾಲ್ಕು ಸುಳಿವುಗಳು ಇಲ್ಲಿವೆ, ನಾಲ್ಕೂ ಮೇಳಕರ್ತಗಳೇ.

"ಶಂಕರಪುರದ ಮಲ್ಲಿಗೆ ಮುಡಿದರೆ ಒಪ್ಪುವವಳು, ಊರಿನ ಹೆಸರು ಕೇಳಿ ಒಡವೆ ಹುಡುಕಬೇಡಿ, ತಲೆ ನೋಡಿ." (ನಾಲ್ಕು ಅಕ್ಷರ)

"ತಾಳಮದ್ದಳೆಯಲ್ಲಿ ಎದುರಾಳಿಯ ಬಾಯಿ ಕಟ್ಟಿಸಿದ ಅರ್ಥಧಾರಿಗೆ ಈ ಬಿರುದು ಸಲ್ಲುತ್ತದೆ, ಹರಿಕಾಂಭೋಜಿ ಮಧ್ಯಮ ಏರಿಸಿಕೊಂಡರೂ ಸಲ್ಲುತ್ತದೆ." (ನಾಲ್ಕು ಅಕ್ಷರ)

"ಚಿನ್ನವುಳ್ಳವಳು, ನಮ್ಮ ಕಡಲಿಗೆ ಬೆನ್ನು ಹಾಕಿ, ಘಟ್ಟದ ಆಚೆ ಕಾವೇರಿಯ ಮನೆ ಸೇರಿದಳು." (ನಾಲ್ಕು ಅಕ್ಷರ)

"ಪಂಜರದ ಹಕ್ಕಿ ಕಲಿತದ್ದನ್ನೇ ಆಡುತ್ತದೆ, 36 ಮೆಟ್ಟಿಲು ಹತ್ತಿದರೆ ಸಿಂಹವಾಗುತ್ತದೆ." (ನಾಲ್ಕು ಅಕ್ಷರ)

ನಿಮಗೆ ದೊರೆತ ಹೆಸರುಗಳನ್ನು ಕಟಪಯಾದಿಯಲ್ಲಿ ಎಣಿಸಿದಾಗ ಅನುಕ್ರಮವಾಗಿ 26, 64, 58 ಮತ್ತು 21 ಬರಬೇಕು.